ಕಾರಿನ ಎ.ಸಿ. ಪ್ರೆಶರ್ ಸೆನ್ಸರ್: ದೋಷ ಪತ್ತೆ

ಕಾರಿನ ಹವಾನಿಯಂತ್ರಣ ವ್ಯವಸ್ಥೆಯಲ್ಲಿ ಹರಿಯುವ ಶೀತಕದ ಒತ್ತಡವನ್ನು ಅಳೆದು, ಅದನ್ನು ವಿದ್ಯುತ್ ಸಂಕೇತವಾಗಿ ಕಾರಿನ ಕಂಪ್ಯೂಟರಿಗೆ ಕಳಿಸುವ ಉಪಕರಣ ಎ.ಸಿ. ಪ್ರೆಶರ್ ಸೆನ್ಸರ್. ಹೆಬ್ಬೆರಳಿನಷ್ಟು ಗಾತ್ರದ ಈ ಬಿಡಿಭಾಗ ಕೊಡುವ ಅಂಕಿಯನ್ನು ನೆಚ್ಚಿಕೊಂಡೇ ಕಂಪ್ಯೂಟರ್ ಕಂಪ್ರೆಸರನ್ನು ಓಡಿಸಬೇಕೇ, ನಿಲ್ಲಿಸಬೇಕೇ, ರೇಡಿಯೇಟರ್ ಫ್ಯಾನನ್ನು ಯಾವ ವೇಗದಲ್ಲಿ ತಿರುಗಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತದೆ. ಹೀಗಾಗಿ ಸೆನ್ಸರ್ ಕೆಟ್ಟರೆ ಉಳಿದ ಭಾಗಗಳೆಲ್ಲ ಸರಿಯಿದ್ದರೂ ಎ.ಸಿ. ನಿಂತುಹೋಗಬಹುದು. ಸೆನ್ಸರ್ ಸರಿಯಿದ್ದು ಒತ್ತಡವೇ ಹದ ತಪ್ಪಿದ್ದರೂ ಎ.ಸಿ. ಅದೇ ರೀತಿ ನಿಲ್ಲುತ್ತದೆ. ಹೊರಗಿನಿಂದ ಒಂದೇ ರೀತಿ ಕಾಣುವ ಈ ಎರಡನ್ನು ಬೇರ್ಪಡಿಸುವುದೇ ದೋಷ ಪತ್ತೆಯ ತಿರುಳು. ಅಳತೆ ತಪ್ಪಾಗಿದೆಯೋ, ಅಳತೆಗೆ ಸಿಕ್ಕಿರುವ ಒತ್ತಡವೇ ತಪ್ಪಾಗಿದೆಯೋ ಎಂಬುದು ಗೊತ್ತಾಗುವ ಮೊದಲು ಯಾವ ಭಾಗವನ್ನೂ ಬದಲಿಸಬಾರದು.

ಕಾರ್ಯಕ್ಷೇತ್ರ

ಎ.ಸಿ.ಯಲ್ಲಿ ಶೀತಕವು ಮುಚ್ಚಿದ ಸುತ್ತಿನಲ್ಲಿ ಸಂಚರಿಸುತ್ತದೆ. ಕಂಪ್ರೆಸರ್ ಅನಿಲ ರೂಪದ ಶೀತಕವನ್ನು ಒತ್ತಿ, ಬಿಸಿಯಾಗಿಸಿ, ಕಾರಿನ ಮುಂಭಾಗದ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಅದು ದ್ರವವಾಗುತ್ತದೆ. ರಿಸೀವರ್ ಡ್ರೈಯರ್ ತೇವಾಂಶವನ್ನೂ ಕಸವನ್ನೂ ಹಿಡಿದಿಡುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿದೊಡನೆ ಒತ್ತಡ ಕುಸಿದು, ಡ್ಯಾಶ್‌ಬೋರ್ಡಿನ ಒಳಗಿರುವ ಎವಾಪರೇಟರಿನಲ್ಲಿ ಶೀತಕ ಮತ್ತೆ ಆವಿಯಾಗುತ್ತ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರಿನಿಂದ ಎಕ್ಸ್‌ಪ್ಯಾನ್ಶನ್ ವಾಲ್ವ್‌ವರೆಗಿನ ಭಾಗ ಹೈ ಸೈಡ್, ಅಲ್ಲಿಂದ ಕಂಪ್ರೆಸರಿಗೆ ಮರಳುವ ಭಾಗ ಲೋ ಸೈಡ್. ಪ್ರೆಶರ್ ಸೆನ್ಸರ್ ಸಾಮಾನ್ಯವಾಗಿ ಹೈ ಸೈಡಿನಲ್ಲಿ, ಕಂಡೆನ್ಸರ್ ಮತ್ತು ಎಕ್ಸ್‌ಪ್ಯಾನ್ಶನ್ ವಾಲ್ವ್ ನಡುವಿನ ಪೈಪಿನ ಮೇಲೋ ಡ್ರೈಯರಿನ ಮೇಲೋ ಇರುತ್ತದೆ.

ಸೆನ್ಸರಿನ ಮೊದಲ ಕೆಲಸ ಕಂಪ್ರೆಸರಿನ ರಕ್ಷಣೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದ ಜೊತೆಯಲ್ಲೇ ಸುತ್ತುತ್ತದೆ. ಶೀತಕ ಸೋರಿಹೋದರೆ ಎಣ್ಣೆ ಮರಳಿ ಬರದೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಆದ್ದರಿಂದ ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ ಕಂಪ್ಯೂಟರ್ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ. ಮೇಲಿನ ಮಿತಿ ಹೆಚ್ಚಿನ ಕಾರುಗಳಲ್ಲಿ 30 ಬಾರ್ ಆಸುಪಾಸಿನಲ್ಲಿರುತ್ತದೆ. ಅದನ್ನು ದಾಟಿದರೆ ಪೈಪು, ಸೀಲುಗಳು ಹರಿಯುವ ಅಪಾಯ ಇರುವುದರಿಂದ ಕಂಪ್ರೆಸರ್ ನಿಲ್ಲುತ್ತದೆ. ಈ ಎರಡು ಗಡಿಗಳ ನಡುವೆ ಒತ್ತಡ ಏರಿದಂತೆಲ್ಲ ಫ್ಯಾನಿನ ವೇಗ ಏರುತ್ತದೆ, ಕಂಪ್ರೆಸರಿನ ಹೊರೆಗೆ ತಕ್ಕಂತೆ ಎಂಜಿನ್ನಿನ ಐಡಲ್ ವೇಗವೂ ಹೊಂದಿಕೊಳ್ಳುತ್ತದೆ.

ಬೆಳವಣಿಗೆ

ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎ.ಸಿ. ಅಳವಡಿಸಿಕೊಡತೊಡಗಿತು. ತಂಪಾಗಿಸುವ ಘಟಕ ಡಿಕ್ಕಿಯ ಜಾಗವನ್ನು ಆಕ್ರಮಿಸಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಅದನ್ನು ನಿಲ್ಲಿಸಲು ಎಂಜಿನ್ ಆರಿಸಿ ಬೆಲ್ಟನ್ನೇ ಕಳಚಬೇಕಿತ್ತು. ವಿದ್ಯುತ್ಕಾಂತೀಯ ಕ್ಲಚ್ ಬಂದ ಮೇಲೆ ಕಂಪ್ರೆಸರನ್ನು ಬೇಕೆಂದಾಗ ಜೋಡಿಸಿ ಬೇಡವೆಂದಾಗ ಬಿಡಿಸುವುದು ಸಾಧ್ಯವಾಯಿತು. ಆ ಕೆಲಸಕ್ಕೆ ಪ್ರೆಶರ್ ಸ್ವಿಚ್ಚುಗಳು ಬಳಕೆಗೆ ಬಂದವು. ಸ್ವಿಚ್ಚಿಗೆ ಗೊತ್ತಿರುವುದು ಎರಡೇ ಸ್ಥಿತಿ: ತೆರೆದಿರುವುದು, ಮುಚ್ಚಿರುವುದು. ಕೆಳಮಿತಿ, ಮೇಲ್ಮಿತಿಗಳ ಜೊತೆಗೆ ಫ್ಯಾನ್ ಚಾಲೂ ಮಾಡುವ ನಡುಮಿತಿಯನ್ನೂ ಒಂದೇ ಕವಚದಲ್ಲಿ ಅಡಕಗೊಳಿಸಿದ ತ್ರಿವಿಧ ಸ್ವಿಚ್ಚುಗಳು ಹಳೆಯ ಕಾರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಎಂಜಿನ್ನಿನ ನಿಯಂತ್ರಣ ಕಂಪ್ಯೂಟರಿನ ಕೈಗೆ ಬಂದ ಮೇಲೆ, ಒತ್ತಡ ಎಷ್ಟಿದೆ ಎಂಬುದನ್ನು ಎಡೆಬಿಡದೆ ತಿಳಿಸುವ ಸೆನ್ಸರುಗಳು ಸ್ವಿಚ್ಚುಗಳ ಜಾಗ ಹಿಡಿದವು.

ಶೀತಕಗಳೂ ಬದಲಾದವು. ಓಝೋನ್ ಪದರಕ್ಕೆ ಕ್ಲೋರೊಫ್ಲೋರೊಕಾರ್ಬನ್‌ಗಳಿಂದ ಹಾನಿಯಾಗುತ್ತದೆಂದು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಬಗೆಯ ಶೀತಕವಾದ ಆರ್-12 ಕ್ರಮೇಣ ಮರೆಯಾಗಿ, 1990ರ ದಶಕದಲ್ಲಿ ಆರ್-134ಎ ಬಳಕೆಗೆ ಬಂತು. ಭೂತಾಪ ಹೆಚ್ಚಿಸುವ ಗುಣ ಅದಕ್ಕೂ ಇರುವುದರಿಂದ ಯುರೋಪಿಯನ್ ಒಕ್ಕೂಟ 2017ರಿಂದ ಹೊಸ ಕಾರುಗಳಲ್ಲಿ ಅದನ್ನು ನಿಷೇಧಿಸಿತು. ಅಲ್ಲಿ ಈಗ ಮುಖ್ಯವಾಗಿ ಆರ್-1234ವೈಎಫ್ ಬಳಕೆಯಲ್ಲಿದೆ. ಕಾರಿನಲ್ಲಿ ಯಾವ ಶೀತಕವಿದೆ ಎಂಬುದನ್ನು ಬಾನೆಟ್ಟಿನ ಅಡಿಯ ಚೀಟಿಯಿಂದ ಖಚಿತಪಡಿಸಿಕೊಳ್ಳುವುದು ಪತ್ತೆಯ ಮೊದಲ ಹೆಜ್ಜೆ. ಈ ಲೇಖನದ ಅಂಕಿಗಳು ಆರ್-134ಎಗೆ ಸಂಬಂಧಿಸಿದವು.

ರಚನೆ ಮತ್ತು ಸಂಕೇತ

ಸೆನ್ಸರಿನ ಒಳಗೆ ಒತ್ತಡಕ್ಕೆ ಬಾಗುವ ತೆಳುವಾದ ಪೊರೆ ಇರುತ್ತದೆ. ಅದು ಬಾಗಿದಷ್ಟೂ ಅದಕ್ಕೆ ಅಂಟಿದ ವಿದ್ಯುತ್ ಅಂಶದ ರೋಧವೋ ಧಾರಕತೆಯೋ ಬದಲಾಗುತ್ತದೆ. ಜೊತೆಗಿರುವ ಸಣ್ಣ ವಿದ್ಯುತ್ ಮಂಡಲ ಆ ಬದಲಾವಣೆಯನ್ನು ವೋಲ್ಟೇಜಾಗಿ ಮಾರ್ಪಡಿಸುತ್ತದೆ. ಹೆಚ್ಚಿನ ಸೆನ್ಸರುಗಳಿಗೆ ಮೂರು ವೈರುಗಳು: ಕಂಪ್ಯೂಟರ್ ಒದಗಿಸುವ 5 ವೋಲ್ಟ್ ಆಧಾರ, ಅರ್ಥ್ ಮತ್ತು ಸಂಕೇತ.

ಸಂಕೇತ ಸಾಮಾನ್ಯವಾಗಿ ಸುಮಾರು 0.5 ವೋಲ್ಟಿನಿಂದ 4.5 ವೋಲ್ಟಿನವರೆಗೆ ಒತ್ತಡದ ಜೊತೆ ಸರಳರೇಖೆಯಲ್ಲಿ ಏರುತ್ತದೆ. 0ದಿಂದ 32 ಬಾರ್‌ವರೆಗೆ ಅಳೆಯುವ ಸೆನ್ಸರ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಪ್ರತಿ ಬಾರ್‌ಗೆ 0.125 ವೋಲ್ಟ್ ಏರಿಕೆ. 8 ಬಾರ್‌ಗೆ 1.5 ವೋಲ್ಟ್, 16 ಬಾರ್‌ಗೆ 2.5 ವೋಲ್ಟ್. ನಿಜವಾದ ವ್ಯಾಪ್ತಿ ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ ಆಯಾ ಮಾದರಿಯ ಸರ್ವೀಸ್ ಕೈಪಿಡಿಯೇ ಪ್ರಮಾಣ.

ಸೊನ್ನೆ ಒತ್ತಡಕ್ಕೂ 0.5 ವೋಲ್ಟ್ ಇಟ್ಟಿರುವುದರ ಹಿಂದೆ ಉದ್ದೇಶವಿದೆ. ಗ್ಯಾಸ್, ಅಂದರೆ ಶೀತಕ, ಪೂರ್ತಿ ಖಾಲಿಯಾದರೂ ಆರೋಗ್ಯವಂತ ಸೆನ್ಸರ್ ಅರ್ಧ ವೋಲ್ಟ್ ಕೊಡುತ್ತಲೇ ಇರುತ್ತದೆ. ವೈರ್ ತುಂಡಾಗುವುದು ಅಥವಾ ಅರ್ಥಿಗೆ ತಗುಲುವುದರಂಥ ವಿದ್ಯುತ್ ದೋಷವಿದ್ದರೆ ಮಾತ್ರ ಸಂಕೇತ ಸೊನ್ನೆಯ ಹತ್ತಿರಕ್ಕೆ ಬೀಳಬಹುದು. 5 ವೋಲ್ಟಿಗೆ ಅಂಟಿಕೊಂಡರೂ ಅದು ವಿದ್ಯುತ್ ದೋಷವೇ ಹೊರತು ಒತ್ತಡದ ಏರಿಕೆಯಲ್ಲ. 0.5ರಿಂದ 4.5ರ ಹೊರಗಿನ ವೋಲ್ಟೇಜು ಮಂಡಲದ ಕಥೆ ಹೇಳುತ್ತದೆ, ಒಳಗಿನದು ಒತ್ತಡದ ಕಥೆ ಹೇಳುತ್ತದೆ. ಈ ಒಂದು ಸೂತ್ರ ನೆನಪಿದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಎಲ್ಲ ಸೆನ್ಸರುಗಳೂ ಈ ಬಗೆಯವಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಹಲವು ಕಾರುಗಳಲ್ಲಿರುವ ಜಿ65 ಎಂಬ ಸೆನ್ಸರ್ ಚೌಕಾಕಾರದ ಮಿಡಿತಗಳನ್ನು ಕಳಿಸುತ್ತದೆ, ಒತ್ತಡ ಏರಿದಂತೆ ಮಿಡಿತದ ಅಗಲ ಹೆಚ್ಚುತ್ತದೆ. ಇಂಥದ್ದನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಸರಾಸರಿ ವೋಲ್ಟೇಜು ಮಾತ್ರ ಕಂಡು ದಾರಿ ತಪ್ಪುತ್ತದೆ, ಆಸಿಲೋಸ್ಕೋಪ್ ಬೇಕು. ಇನ್ನು ಕೆಲವು ಹೊಸ ಕಾರುಗಳ ಸೆನ್ಸರುಗಳು ಅಂಕೀಯ ಸಂದೇಶಗಳನ್ನೇ ಕಳಿಸುತ್ತವೆ. ಅವನ್ನು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನ ಮೂಲಕವೇ ಓದಬೇಕು.

ಲಕ್ಷಣಗಳು

ಸೆನ್ಸರ್ ಕೆಟ್ಟಾಗ ಸಾಮಾನ್ಯವಾಗಿ ಕಾಣುವ ಲಕ್ಷಣಗಳಿವು: ಎ.ಸಿ. ಬಟನ್ ಒತ್ತಿದರೂ ಕಂಪ್ರೆಸರ್ ಚಾಲೂ ಆಗದಿರುವುದು, ಕೆಲವು ಕ್ಷಣ ಓಡಿ ನಿಂತು ಮತ್ತೆ ಓಡುವುದು, ಎಂಜಿನ್ ತಣ್ಣಗಿದ್ದರೂ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುವುದು, ಬೇಕಾದಾಗ ಫ್ಯಾನ್ ತಿರುಗದೆ ಟ್ರಾಫಿಕ್ಕಿನಲ್ಲಿ ತಂಪು ಕಡಿಮೆಯಾಗುವುದು, ಎ.ಸಿ. ಹಾಕಿದಾಗ ಐಡಲ್ ಏರುಪೇರಾಗುವುದು.

ಇವುಗಳಲ್ಲಿ ಯಾವುದೂ ಸೆನ್ಸರಿಗೆ ಮಾತ್ರ ಮೀಸಲಲ್ಲ. ಗ್ಯಾಸ್ ಕಡಿಮೆಯಾಗಿರುವುದು, ಅಗತ್ಯಕ್ಕಿಂತ ಹೆಚ್ಚು ತುಂಬಿರುವುದು, ಕಂಡೆನ್ಸರಿಗೆ ಧೂಳು ಮೆತ್ತಿರುವುದು, ಫ್ಯಾನ್ ಮೋಟಾರ್ ಸೋತಿರುವುದು, ರಿಲೇ ಅಥವಾ ಫ್ಯೂಸ್ ಹೋಗಿರುವುದು, ಕ್ಲಚ್ಚಿನ ಅಂತರ ಹೆಚ್ಚಿರುವುದು, ಎವಾಪರೇಟರಿನ ಉಷ್ಣತಾ ಸೆನ್ಸರ್ ತಪ್ಪು ಹೇಳುತ್ತಿರುವುದು ಇವೆಲ್ಲವೂ ಇಂಥವೇ ಲಕ್ಷಣಗಳನ್ನು ತೋರಿಸುತ್ತವೆ.

ದೋಷ ಸಂಕೇತಗಳು

ಸ್ಕ್ಯಾನರ್ ತೋರಿಸುವ ಸಾಮಾನ್ಯ ದೋಷ ಸಂಕೇತಗಳಲ್ಲಿ ಪಿ0530ರಿಂದ ಪಿ0533ರವರೆಗಿನವು ಈ ಸೆನ್ಸರಿಗೆ ಸಂಬಂಧಿಸಿದವು. ಪಿ0530 ಸೆನ್ಸರಿನ ಮಂಡಲದಲ್ಲಿ ತೊಂದರೆ ಇದೆ ಎನ್ನುತ್ತದೆ. ಪಿ0531 ಎಂದರೆ ಅಳತೆ ನಂಬುವಂತಿಲ್ಲ. ಪಿ0532 ಸೆನ್ಸರಿನ ವಿದ್ಯುತ್ ಸಂಕೇತ ತೀರ ಕೆಳಗಿದೆ, ಪಿ0533 ತೀರ ಮೇಲಿದೆ ಎಂದು ತಿಳಿಸುತ್ತವೆ. ಪಿ0534 ಶೀತಕ ಸೋರಿಹೋಗಿರುವ ಸೂಚನೆ.

ಪಿ0532 ಕಂಡೊಡನೆ ಗ್ಯಾಸ್ ಕಡಿಮೆಯಾಗಿದೆ ಎಂದುಕೊಳ್ಳುವುದೂ, ಪಿ0533 ಕಂಡೊಡನೆ ಗ್ಯಾಸ್ ಹೆಚ್ಚಾಗಿದೆ ಎಂದುಕೊಳ್ಳುವುದೂ ತಪ್ಪು. ಅವು ಹೇಳುವುದು ವೋಲ್ಟೇಜಿನ ವಿಚಾರವನ್ನು. ದೋಷ ಸಂಕೇತವು ಹುಡುಕಬೇಕಾದ ಮಂಡಲವನ್ನು ತೋರಿಸುತ್ತದೆ, ಬದಲಿಸಬೇಕಾದ ಭಾಗವನ್ನಲ್ಲ. ಸಂಕೇತಗಳನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಬೇಕು. ಜೊತೆಗೆ ಬೇರೆ ಸೆನ್ಸರುಗಳ ಸಂಕೇತಗಳೂ ಇದ್ದರೆ ಅವೆಲ್ಲ ಒಂದೇ 5 ವೋಲ್ಟ್ ವೈರನ್ನು ಹಂಚಿಕೊಂಡಿವೆಯೇ ಎಂದು ವೈರಿಂಗ್ ನಕ್ಷೆಯಲ್ಲಿ ನೋಡಬೇಕು. ಹಂಚಿಕೊಂಡ ವೈರಿನಲ್ಲಿ ಒಂದು ಸೆನ್ಸರ್ ಶಾರ್ಟ್ ಆದರೆ ಉಳಿದವೂ ಕುಸಿಯುತ್ತವೆ.

ನಿಶ್ಚಲ ಒತ್ತಡದ ಪರೀಕ್ಷೆ

ಎಂಜಿನ್ ಆರಿಸಿ ಕೆಲವು ಗಂಟೆ ನೆರಳಲ್ಲಿ ನಿಲ್ಲಿಸಿದ ಕಾರಿನಲ್ಲಿ ಹೈ ಸೈಡ್, ಲೋ ಸೈಡ್ ಒತ್ತಡಗಳು ಸಮನಾಗುತ್ತವೆ. ಒಳಗೆ ಸ್ವಲ್ಪವಾದರೂ ದ್ರವ ಶೀತಕ ಇರುವವರೆಗೆ ಆ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶ ಒಂದೇ. ಆರ್-134ಎಗೆ ಗೇಜಿನಲ್ಲಿ ಕಾಣಬೇಕಾದ ಒತ್ತಡ ಹೀಗಿದೆ:

20 ಡಿಗ್ರಿ ಸೆಲ್ಸಿಯಸ್: 4.7 ಬಾರ್ (68 ಪಿಎಸ್‌ಐ)
25 ಡಿಗ್ರಿ: 5.6 ಬಾರ್ (82 ಪಿಎಸ್‌ಐ)
30 ಡಿಗ್ರಿ: 6.7 ಬಾರ್ (97 ಪಿಎಸ್‌ಐ)
35 ಡಿಗ್ರಿ: 7.9 ಬಾರ್ (114 ಪಿಎಸ್‌ಐ)
40 ಡಿಗ್ರಿ: 9.2 ಬಾರ್ (133 ಪಿಎಸ್‌ಐ)

ಹೀಗೆ ಪರೀಕ್ಷಕನ ಕೈಗೆ ಒಂದನ್ನೊಂದು ಅವಲಂಬಿಸದ ಮೂರು ಅಂಕಿಗಳು ಸಿಗುತ್ತವೆ: ಉಷ್ಣಾಂಶದ ಪ್ರಕಾರ ಇರಬೇಕಾದ ಒತ್ತಡ, ಎ.ಸಿ. ಪೈಪುಗಳಿಗೆ ಜೋಡಿಸುವ ಮ್ಯಾನಿಫೋಲ್ಡ್ ಗೇಜ್ ತೋರಿಸುವ ಒತ್ತಡ, ಸ್ಕ್ಯಾನರಿನಲ್ಲಿ ಸೆನ್ಸರ್ ಹೇಳುವ ಒತ್ತಡ. ಮೂರೂ ಹೊಂದಿಕೊಂಡರೆ ಸೆನ್ಸರಿನ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯುತ್ತದೆ. ಕೋಷ್ಟಕವೂ ಗೇಜೂ ಒಂದನ್ನೇ ಹೇಳಿ ಸೆನ್ಸರ್ ಬೇರೆ ಹೇಳಿದರೆ ದೋಷ ಸೆನ್ಸರಿನಲ್ಲಿ, ವೈರಿಂಗಿನಲ್ಲಿ ಅಥವಾ ಕಂಪ್ಯೂಟರಿನಲ್ಲಿದೆ. ಗೇಜೂ ಸೆನ್ಸರೂ ಒಂದಾಗಿ ಕೋಷ್ಟಕಕ್ಕಿಂತ ಬಹಳ ಕೆಳಗಿದ್ದರೆ ಶೀತಕ ಸೋರಿಹೋಗಿದೆ. ಎರಡೂ ಕೋಷ್ಟಕಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಒಳಗೆ ಗಾಳಿ ಸೇರಿರಬಹುದು ಅಥವಾ ಕಲಬೆರಕೆ ಗ್ಯಾಸ್ ತುಂಬಿರಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ನಿಶ್ಚಲ ಒತ್ತಡ ಸರಿಯಿದೆ ಎಂದಮಾತ್ರಕ್ಕೆ ಗ್ಯಾಸಿನ ಪ್ರಮಾಣ ಸರಿಯಿದೆ ಎಂದಾಗುವುದಿಲ್ಲ. ಅರ್ಧದಷ್ಟು ಶೀತಕ ಸೋರಿದ್ದರೂ ಉಳಿದ ದ್ರವ ಅದೇ ಒತ್ತಡವನ್ನು ತೋರಿಸೀತು. ಪ್ರಮಾಣ ತಿಳಿಯಲು ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗುವುದೊಂದೇ ಖಚಿತ ದಾರಿ. ಎರಡನೆಯದು, ಕೆಲವು ಸ್ಕ್ಯಾನರುಗಳು ನಿರಪೇಕ್ಷ ಒತ್ತಡವನ್ನು ತೋರಿಸುತ್ತವೆ. ಗೇಜ್ ಮಾತ್ರ ವಾತಾವರಣದ ಒತ್ತಡವನ್ನು ಕಳೆದು ತೋರಿಸುತ್ತದೆ. ಸಮುದ್ರಮಟ್ಟದಲ್ಲಿ ಎರಡರ ನಡುವೆ ಸುಮಾರು 1 ಬಾರ್ ವ್ಯತ್ಯಾಸ ಇರುವುದು ಸಹಜ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 0.9 ಬಾರ್. ಇದನ್ನು ಸೆನ್ಸರಿನ ತಪ್ಪೆಂದು ಎಣಿಸಬಾರದು.

ವಿದ್ಯುತ್ ಪರೀಕ್ಷೆ

ಅಂಕಿಗಳು ಹೊಂದದಿದ್ದರೆ ಮಲ್ಟಿಮೀಟರ್ ಹಿಡಿದು ಕನೆಕ್ಟರಿಗೆ ಬರಬೇಕು. ಮೊದಲು ಕಣ್ಣಿನ ಪರೀಕ್ಷೆ: ಪಿನ್ನುಗಳಿಗೆ ಹಸಿರು ತುಕ್ಕು ಹಿಡಿದಿದೆಯೇ, ನೀರು ಸೇರಿದೆಯೇ, ಪಿನ್ ಸಡಿಲವಾಗಿದೆಯೇ, ವೈರನ್ನು ಇಲಿ ಕಚ್ಚಿದೆಯೇ, ಸೆನ್ಸರಿನ ಬುಡದಲ್ಲಿ ಎಣ್ಣೆ ಒಸರಿದೆಯೇ ಎಂದು ನೋಡಬೇಕು. ಎಣ್ಣೆಯ ಪಸೆ ಸೋರಿಕೆಯ ಗುರುತು.

ಕನೆಕ್ಟರ್ ಕಳಚಿ, ಇಗ್ನಿಶನ್ ಆನ್ ಮಾಡಿ, ಆಧಾರ ವೈರಿನಲ್ಲಿ ಸುಮಾರು 5 ವೋಲ್ಟ್ ಇದೆಯೇ ಎಂದು ಅಳೆಯಬೇಕು. ಇಲ್ಲದಿದ್ದರೆ ತೊಂದರೆ ಸೆನ್ಸರಿಗಿಂತ ಹಿಂದೆ, ವೈರಿಂಗ್ ಅಥವಾ ಕಂಪ್ಯೂಟರ್ ಕಡೆ ಇದೆ. ಕನೆಕ್ಟರ್ ಕಳಚಿದಾಗ ಬಂದ 5 ವೋಲ್ಟ್ ಸೆನ್ಸರ್ ಜೋಡಿಸಿದೊಡನೆ ಕುಸಿದರೆ ಸೆನ್ಸರ್ ಒಳಗೇ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಅರ್ಥ್ ವೈರನ್ನು ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲೇ ಪರೀಕ್ಷಿಸಬೇಕು. ಅದರ ಮತ್ತು ಬ್ಯಾಟರಿಯ ಋಣ ತುದಿಯ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ದುರ್ಬಲವಾಗಿದೆ. ಆಗ ಎಲ್ಲ ಅಳತೆಗಳೂ ಮೇಲಕ್ಕೆ ಸರಿದು, ಒಳ್ಳೆಯ ಸೆನ್ಸರೂ ತಪ್ಪು ಹೇಳಿದಂತೆ ಕಾಣುತ್ತದೆ.

ಮೂರನೆಯದು ಸಂಕೇತದ ವೈರು. ಕನೆಕ್ಟರ್ ಕಳಚಿದಾಗ ಸ್ಕ್ಯಾನರಿನ ಅಂಕಿ, ಮಂಡಲದ ವಿನ್ಯಾಸಕ್ಕೆ ತಕ್ಕಂತೆ, ಪೂರ್ತಿ ಕೆಳಗಿನ ಅಥವಾ ಪೂರ್ತಿ ಮೇಲಿನ ತುದಿಗೆ ಹೋಗಬೇಕು. ಅದು ಕೆಳಗಿನ ತುದಿಗೆ ಹೋಗಿದ್ದರೆ, ಬಳಿಕ 5 ವೋಲ್ಟಿನ ಪಿನ್ನಿನಿಂದ ಸಂಕೇತದ ಪಿನ್ನಿಗೆ ಒಂದು ಕಿಲೋಓಮ್ ಆಸುಪಾಸಿನ ರೋಧಕದ ಮೂಲಕ ಸಂಪರ್ಕ ಕೊಟ್ಟರೆ ಅಂಕಿ ಮೇಲಿನ ತುದಿಗೆ ಏರಬೇಕು. ಈ ಬದಲಾವಣೆಗಳು ಕಂಡರೆ ವೈರೂ ಕಂಪ್ಯೂಟರೂ ಸರಿಯಿವೆ, ತಪ್ಪು ಸೆನ್ಸರಿನದು. ಏನು ಮಾಡಿದರೂ ಅಂಕಿ ಕದಲದಿದ್ದರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ. ಈ ಪರೀಕ್ಷೆ ಮಾಡುವಾಗ ಸರ್ವೀಸ್ ಕೈಪಿಡಿಯ ಪಿನ್ ನಕ್ಷೆ ಎದುರಿಗಿರಲೇಬೇಕು. ತಪ್ಪು ಪಿನ್ನಿಗೆ ಬ್ಯಾಟರಿಯ 12 ವೋಲ್ಟ್ ತಾಗಿದರೆ ಕಂಪ್ಯೂಟರೇ ಸುಡಬಹುದು.

ಚಾಲನೆಯಲ್ಲಿ ಪರೀಕ್ಷೆ

ನಿಂತಾಗ ಸರಿಯಾಗಿ ಅಳೆದು, ಒತ್ತಡ ಏರಿದಾಗ ತಪ್ಪುವ ಸೆನ್ಸರುಗಳೂ ಉಂಟು. ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಗೇಜನ್ನೂ ಸ್ಕ್ಯಾನರನ್ನೂ ಜೊತೆಯಲ್ಲಿ ಗಮನಿಸಬೇಕು. ಕಂಡೆನ್ಸರಿನ ಮೇಲೆ ನೀರು ಸಿಂಪಡಿಸಿದರೆ ಹೈ ಸೈಡ್ ಒತ್ತಡ ಇಳಿಯುತ್ತದೆ. ರಟ್ಟಿನಿಂದ ಕಂಡೆನ್ಸರಿನ ಒಂದು ಭಾಗವನ್ನು ಸ್ವಲ್ಪ ಹೊತ್ತು ಮರೆಮಾಡಿದರೆ ಏರುತ್ತದೆ. ಗೇಜಿನ ಮೇಲೆ ಕಣ್ಣಿಟ್ಟು, ಮೇಲಿನ ಮಿತಿ ಹತ್ತಿರವಾಗುವ ಮೊದಲೇ ರಟ್ಟನ್ನು ತೆಗೆಯಬೇಕು. ಗೇಜಿನ ಏರಿಳಿತವನ್ನು ಸೆನ್ಸರ್ ತಡವಿಲ್ಲದೆ ಹಿಂಬಾಲಿಸಬೇಕು.

ಆದರೆ ಗೇಜ್ ಜೋಡಿಸುವ ಬಾಯಿ ಕಂಡೆನ್ಸರಿಗೆ ಮೊದಲೂ ಸೆನ್ಸರ್ ಕಂಡೆನ್ಸರಿನ ನಂತರವೂ ಇರುವ ಕಾರುಗಳಲ್ಲಿ, ಕಂಡೆನ್ಸರ್ ಒಳಗೆ ಕಟ್ಟಿಕೊಂಡಿದ್ದರೆ ಎರಡು ಕಡೆ ಒತ್ತಡ ನಿಜವಾಗಿಯೇ ಬೇರೆ ಇರುತ್ತದೆ. ನಿಶ್ಚಲ ಪರೀಕ್ಷೆಯಲ್ಲಿ ಎರಡೂ ಹೊಂದಿಕೊಂಡು, ಚಾಲನೆಯಲ್ಲಿ ಮಾತ್ರ ಬೇರೆಯಾದರೆ ಸೆನ್ಸರನ್ನು ದೂರುವ ಮೊದಲು ಈ ಅಡಚಣೆಯನ್ನು ಹುಡುಕಬೇಕು. ನಿಶ್ಚಲ ಪರೀಕ್ಷೆಯನ್ನು ಮೊದಲು ಮಾಡಬೇಕೆನ್ನುವುದು ಈ ಕಾರಣಕ್ಕೇ.

ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ದೋಷವನ್ನು ಹಿಡಿಯಲು ಸ್ಕ್ಯಾನರಿನ ದಾಖಲೆಯನ್ನು ನಕ್ಷೆಯಾಗಿ ನೋಡುವುದು ಒಳ್ಳೆಯದು. ಶೀತಕದ ಒತ್ತಡ ಏರಲೂ ಇಳಿಯಲೂ ಸೆಕೆಂಡುಗಳು ಬೇಕು. 15 ಬಾರ್ ಇದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಸೊನ್ನೆಗಿಳಿದು ಮತ್ತೆ 15ಕ್ಕೆ ಜಿಗಿದರೆ ಅದು ಒತ್ತಡವಲ್ಲ, ಸಡಿಲ ಸಂಪರ್ಕ. ಎಂಜಿನ್ ಓಡುತ್ತಿರುವಾಗ ವೈರುಗಳನ್ನು ಮೆಲ್ಲಗೆ ಅಲುಗಿಸಿ, ಅಂಕಿ ಎಲ್ಲಿ ಜಿಗಿಯುತ್ತದೆ ಎಂದು ನೋಡಿದರೆ ಜಾಗ ಸಿಗುತ್ತದೆ.

ಬದಲಿಸುವಿಕೆ

ಅನೇಕ ಕಾರುಗಳಲ್ಲಿ ಸೆನ್ಸರಿನ ಅಡಿಯಲ್ಲಿ, ಟಯರಿನ ವಾಲ್ವ್‌ನಂತೆ, ತಾನಾಗಿ ಮುಚ್ಚಿಕೊಳ್ಳುವ ಶ್ರೇಡರ್ ವಾಲ್ವ್ ಇರುತ್ತದೆ. ಅಂಥವುಗಳಲ್ಲಿ ಗ್ಯಾಸ್ ತೆಗೆಯದೆಯೇ ಸೆನ್ಸರನ್ನು ಬಿಚ್ಚಬಹುದು. ಎಲ್ಲ ಕಾರುಗಳಲ್ಲಿ ಹೀಗಿಲ್ಲದ ಕಾರಣ ಕೈಪಿಡಿ ನೋಡದೆ ಸ್ಪ್ಯಾನರ್ ಹಾಕಬಾರದು. ಕನ್ನಡಕ, ಕೈಗವಸು ಕಡ್ಡಾಯ: ವಾತಾವರಣದ ಒತ್ತಡದಲ್ಲಿ ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುವುದರಿಂದ ಕಣ್ಣಿಗೆ, ಚರ್ಮಕ್ಕೆ ಸಿಡಿದರೆ ಹೆಪ್ಪುಗಟ್ಟಿದ ಗಾಯವಾಗುತ್ತದೆ.

ಹೊಸ ಸೆನ್ಸರಿನ ಭಾಗ ಸಂಖ್ಯೆ ಹೊಂದಲೇಬೇಕು. ತಿರುಪು ಒಂದೇ ಅಳತೆಯದಾಗಿ ಕನೆಕ್ಟರ್ ಕೂಡಿಕೊಂಡರೂ ಒತ್ತಡ ಮತ್ತು ವೋಲ್ಟೇಜಿನ ನಡುವಿನ ಸಂಬಂಧ ಬೇರೆಯಾಗಿದ್ದರೆ ಕಂಪ್ಯೂಟರ್ ಸದಾ ತಪ್ಪು ಒತ್ತಡವನ್ನೇ ಓದುತ್ತದೆ. ಹೊಸ ಓ-ರಿಂಗಿಗೆ ಕಂಪ್ರೆಸರ್ ಎಣ್ಣೆ ಸವರಿ, ಕೈಪಿಡಿ ಹೇಳಿದ ಬಿಗಿತಕ್ಕೆ ತಿರುಗಿಸಿ, ಸೋರಿಕೆ ಪರೀಕ್ಷಿಸಬೇಕು. ನಂತರ ದೋಷ ಸಂಕೇತ ಅಳಿಸಿ ನಿಶ್ಚಲ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದಾಗಲೇ ಕೆಲಸ ಮುಗಿದಂತೆ.

ತಪ್ಪು ರೂಢಿಗಳು

ಕಂಪ್ರೆಸರ್ ಓಡಲೆಂದು ಪ್ರೆಶರ್ ಸ್ವಿಚ್ಚಿನ ಎರಡು ವೈರುಗಳನ್ನು ನೇರ ಜೋಡಿಸಿ ಕಾರನ್ನು ಗ್ರಾಹಕರಿಗೆ ಕೊಟ್ಟುಬಿಡುವುದು ಅತ್ಯಂತ ಹಾನಿಕರ ರೂಢಿ. ಗ್ಯಾಸ್ ಖಾಲಿಯಾದ ದಿನ ಕಂಪ್ರೆಸರ್ ಎಣ್ಣೆಯಿಲ್ಲದೆ ಉಜ್ಜಿಕೊಂಡು, ಲೋಹದ ಪುಡಿ ಕಂಡೆನ್ಸರಿನವರೆಗೂ ಹರಡುತ್ತದೆ. ಒಂದು ಸಣ್ಣ ಭಾಗದ ಖರ್ಚು ಉಳಿಸಲು ಹೋಗಿ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ. ಪತ್ತೆ ಮಾಡದೆ ಗ್ಯಾಸ್ ತುಂಬುತ್ತ ಹೋಗುವುದು, ಎಲ್‌ಪಿಜಿಯಂಥ ಉರಿಯುವ ಅನಿಲ ತುಂಬುವುದು, ಶೀತಕವನ್ನು ಬಯಲಿಗೆ ಬಿಡುವುದು ಇವೂ ಅಷ್ಟೇ ತಪ್ಪು. ನೂರು ವರ್ಷಗಳ ಲೆಕ್ಕದಲ್ಲಿ ಆರ್-134ಎ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂತಾಪ ಉಂಟುಮಾಡುತ್ತದೆ.

ಕರ್ನಾಟಕದ ಸಂದರ್ಭ

ಭಾರತದಲ್ಲಿ 2010ರ ದಶಕದ ಆರಂಭದಲ್ಲಿ ಕಾರುಗಳಿಗೆ ಸ್ವಯಂ ದೋಷ ಪತ್ತೆ ವ್ಯವಸ್ಥೆ ಕಡ್ಡಾಯವಾದುದರಿಂದ ಆನಂತರದ ಕಾರುಗಳನ್ನು ಸ್ಕ್ಯಾನರಿನಿಂದ ಪರೀಕ್ಷಿಸುವುದು ಸುಲಭ. ಪ್ರದೇಶಕ್ಕೆ ತಕ್ಕಂತೆ ಸಂಶಯದ ದಿಕ್ಕೂ ಬದಲಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಧೂಳು ಮೆತ್ತಿದ ಕಂಡೆನ್ಸರ್ ಒತ್ತಡವನ್ನು ನಿಜವಾಗಿಯೇ ಮೇಲ್ಮಿತಿಗೆ ಒಯ್ಯಬಲ್ಲುದು. ಅಲ್ಲಿ ಮೊದಲು ಕಂಡೆನ್ಸರ್ ತೊಳೆದು ನೋಡಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಕನೆಕ್ಟರಿನ ತುಕ್ಕನ್ನು ಮೊದಲು ಹುಡುಕಬೇಕು. ಬೆಂಗಳೂರಿನ ನಿಂತು ನಿಂತು ಸಾಗುವ ಸಂಚಾರದಲ್ಲಿ ಕಂಡೆನ್ಸರಿಗೆ ಫ್ಯಾನ್ ಒಂದೇ ಆಸರೆ. ಹೆದ್ದಾರಿಯಲ್ಲಿ ತಂಪಾಗಿ ಸಿಗ್ನಲ್ಲಿನಲ್ಲಿ ಬಿಸಿಯಾಗುವ ಕಾರಿನಲ್ಲಿ ಫ್ಯಾನಿನ ಪರೀಕ್ಷೆಯೇ ಮೊದಲು.

ಮುಂದಿನ ದಿಕ್ಕು

ಹಲವು ವಿದ್ಯುತ್ ಕಾರುಗಳಲ್ಲಿ ಪ್ರಯಾಣಿಕರನ್ನು ತಂಪಾಗಿಡುವ ಶೀತಕವೇ ಬ್ಯಾಟರಿಯ ಶಾಖವನ್ನೂ ಹೊರುತ್ತದೆ. ಅವುಗಳಲ್ಲಿ ಒತ್ತಡ ಮತ್ತು ಉಷ್ಣಾಂಶ ಎರಡನ್ನೂ ಅಳೆಯುವ ಜೋಡಿ ಸೆನ್ಸರುಗಳು ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿರುತ್ತವೆ. ಕಂಪ್ರೆಸರ್ ಅಧಿಕ ವೋಲ್ಟೇಜಿನಲ್ಲಿ ಓಡುವುದರಿಂದ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ತರಬೇತಿ ಪಡೆದವರೇ ಮುಟ್ಟಬೇಕು. ಅಂಥ ಕಾರಿನಲ್ಲಿ ಸೆನ್ಸರಿನ ಒಂದು ತಪ್ಪು ಅಂಕಿ ಚಾರ್ಜಿಂಗ್ ವೇಗವನ್ನೂ ತಗ್ಗಿಸಬಲ್ಲುದು. ಉಪಕರಣಗಳು ಎಷ್ಟೇ ಬದಲಾದರೂ ಪತ್ತೆಯ ಕ್ರಮ ಬದಲಾಗುವುದಿಲ್ಲ: ಸೆನ್ಸರ್ ಕೊಟ್ಟ ಅಂಕಿಯನ್ನು ಸ್ವತಂತ್ರವಾದ ಇನ್ನೊಂದು ಅಳತೆಯ ಜೊತೆ ಹೋಲಿಸಿ, ವ್ಯತ್ಯಾಸ ಕಂಡರೆ ವೈರು, ಸೆನ್ಸರು, ಕಂಪ್ಯೂಟರುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದ ಮೇಲೆಯೇ ಹೊಸ ಭಾಗವನ್ನು ಕೊಳ್ಳಬೇಕು.